ಕಾಡುಪಾಪ ದಾಟುತ್ತಿದ್ದ ಕೊಂಬೆಗಳು

ಲೈನ್‌ಮನ್ ಕ್ವಾರ್ಟರ್ಸ್, ಹಿಂದಿನ ಸಾಲು
ಮಂಗಳವಾರ, ಹನ್ನೊಂದನೇ ತಾರೀಕು, ಬೆಳಗ್ಗೆ

ಪ್ರೀತಿಯ ಮಗಳೇ,

ಮೊದಲು ನಿನ್ನ ಆರೋಗ್ಯದ ಮಾತು. ಕೆಮ್ಮು ಹೋಯಿತೇ? ಹೋದ ಸಲ ಫೋನಿನಲ್ಲಿ ಮಾತಿಗೊಮ್ಮೆ ಕೆಮ್ಮುತ್ತಿದ್ದೆ. ಕೇಳಿದರೆ ‘ಧೂಳು ಅಪ್ಪಾ, ಅಷ್ಟೇ’ ಎಂದೆ. ಧೂಳಂತೆ ಧೂಳು! ನಾಲ್ಕನೇ ಮಹಡಿಯ ಹಾಸ್ಟೆಲ್ ಕೋಣೆಗೆ ಎಲ್ಲಿಂದ ಬರುತ್ತದೆ ಅಷ್ಟು ಧೂಳು? ಮೂರು ವರ್ಷ ಕಾಡುಪಾಪಗಳ ಹಿಂದೆ ಸುತ್ತಿ ಸುತ್ತಿ ನಿನಗೂ ಅವುಗಳ ಅಭ್ಯಾಸವೇ ಬಂದುಬಿಟ್ಟಿದೆ. ಹಗಲು ಮುದುಡಿಕೊಂಡು ಮಲಗುತ್ತೀಯ, ಕತ್ತಲಾದ ಮೇಲೆ ದೊಡ್ಡ ಕಣ್ಣು ಬಿಟ್ಟುಕೊಂಡು ಓಡಾಡುತ್ತೀಯ. ಅವಕ್ಕಾದರೂ ಹುಳ, ಇರುವೆ ಏನಾದರೂ ಸಿಗುತ್ತವೆ. ನೀನು ಬಿಸ್ಕತ್ತು ತಿಂದು ರಾತ್ರಿ ಕಳೆಯುತ್ತೀಯ ಎಂದು ಅಮ್ಮ ದಿನಾ ನನ್ನ ಮೇಲೆ ರೇಗುತ್ತಾಳೆ, ಬಿಸ್ಕತ್ತು ನಾನೇ ಕೊಡಿಸಿದ ಹಾಗೆ. ಹೊತ್ತಿಗೆ ಸರಿಯಾಗಿ ಊಟ ಮಾಡು ತಾಯಿ. ವರದಿ ಎಲ್ಲಿಗೂ ಓಡಿಹೋಗುವುದಿಲ್ಲ.

ನಾವಿಬ್ಬರೂ ಇದ್ದೇವೆ. ಅಮ್ಮನಿಗೆ ಹೊಸ ಕನ್ನಡಕ ಬಂದಿದೆ, ಈಗ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುವುದಿಲ್ಲ, ಅದೊಂದು ಬೇಜಾರು. ನನ್ನ ಬೆನ್ನು ಎಂದಿನಂತೆ. ಕಂಬ ಹತ್ತುವಾಗ ನೋಯುವುದಿಲ್ಲ, ಕುರ್ಚಿಯಲ್ಲಿ ಕೂತರೆ ನೋಯುತ್ತದೆ. ನಿವೃತ್ತಿಗೆ ಇನ್ನು ಎಂಟೇ ತಿಂಗಳು. ಆಮೇಲೆ ಕುರ್ಚಿಯೇ ಗತಿಯಲ್ಲವೇ, ಆಗ ನೋಡಬೇಕು ಇದರ ಆಟ.

ಫೋನ್ ಇರುವಾಗ ಕಾಗದ ಯಾಕೆ ಎಂದು ನಿನಗೆ ಆಗಲೇ ಅನುಮಾನ ಬಂದಿರುತ್ತದೆ. ಫೋನ್ ಕೈಗೆ ಬಂದರೆ ನನ್ನ ಬಾಯಿಂದ ‘ಎಲ್ಲಾ ಚೆನ್ನಾಗಿದೆ’ ಎಂಬುದು ಬಿಟ್ಟು ಬೇರೆ ಮಾತು ಹೊರಡುವುದಿಲ್ಲ. ಶುಕ್ರವಾರ ನೀನು ‘ತೋಪು ಹೇಗಿದೆ ಅಪ್ಪಾ?’ ಎಂದು ಕೇಳಿದಾಗಲೂ ಅದನ್ನೇ ಹೇಳಿದೆ. ಸುಳ್ಳು ಹೇಳಿದೆ. ತೋಪು ಚೆನ್ನಾಗಿಲ್ಲ. ರಸ್ತೆಯ ಮೇಲೆ ಕೂಡಿಕೊಂಡಿದ್ದ ಕೊಂಬೆಗಳು ಈಗಿಲ್ಲ. ಕಡಿದವನು ನಾನು.

ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದೆ. ಬಾಗಿಲ ತನಕ ಹೋಗಿ ವಾಪಸ್ ಬಂದೆ. ಅಮ್ಮ ಹೊಲಿಗೆ ಮಿಷನ್ ನಿಲ್ಲಿಸಿ ‘ಒಂದು ಕಡೆ ಕೂತ್ಕೋಬಾರ್ದಾ? ನಿಮ್ಮನ್ನ ನೋಡ್ತಾ ನನಗೆ ಹೊಲಿಗೆ ಸೊಟ್ಟ ಬರ್ತಿದೆ’ ಎಂದಳು. ಐದು ದಿನದಿಂದ ಹೀಗೇ ಆಗಿದೆ. ಎಲ್ಲಿ ಕೂತರೂ ಕೂತ ಹಾಗಿಲ್ಲ. ಬಾ, ಸರಿಯಾಗಿ ಮೊದಲಿನಿಂದ ಹೇಳುತ್ತೇನೆ. ಓದುತ್ತಾ ನಡುವೆ ಕಾಗದ ಮುದುರಿ ಎಸೆಯಬೇಡ, ಪೂರ್ತಿ ಓದಿ ಆಮೇಲೆ ಎಸೆ.

ನಿನಗೆ ಗೊತ್ತಿರುವುದನ್ನೇ ಒಮ್ಮೆ ಹೇಳಿಕೊಳ್ಳುತ್ತೇನೆ, ನಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೋ ಇಲ್ಲವೋ ನೋಡು. ರಸ್ತೆಯ ಆಚೆ ಗುಡ್ಡದ ಕಾಡು, ಈಚೆ ನೀರಿನ ಟ್ಯಾಂಕಿನ ಹಿಂದೆ ನಮ್ಮ ತೋಪು. ಕಾಡಿನಲ್ಲಿ ಹನ್ನೊಂದು ಕಾಡುಪಾಪ, ತೋಪಿನಲ್ಲಿ ನಾಲ್ಕು. ಅವು ಕೋತಿಯ ಜಾತಿಯೇ ಆದರೂ ಕೋತಿಯ ಹಾಗೆ ಹಾರುವುದಿಲ್ಲ. ಒಂದು ಕೊಂಬೆ ಬಿಡುವ ಮೊದಲು ಇನ್ನೊಂದನ್ನು ಹಿಡಿದಿರಬೇಕು. ನೆಲಕ್ಕಿಳಿದರೆ ನಾಯಿ, ರಸ್ತೆಗೆ ಬಂದರೆ ಗಾಡಿ. ಹಾಗಾಗಿ ರಸ್ತೆಯ ಮೇಲೆ ಎರಡೂ ಕಡೆಯ ಮರಗಳು ಕೈ ಕೈ ಹಿಡಿದುಕೊಂಡಿದ್ದ ಜಾಗದಲ್ಲೇ ಅವುಗಳ ಓಡಾಟ. ‘ಅದು ಎರಡು ಕಾಡಲ್ಲ ಅಪ್ಪಾ, ಒಂದೇ ಮನೆಯ ಎರಡು ಕೋಣೆ’ ಎಂದು ನೀನು ಹೇಳುತ್ತಿದ್ದೆ. ಬಡಾವಣೆ ಕಚೇರಿಯವರು ಆ ತೋಪನ್ನು ನೆಲಸಮ ಮಾಡಿ ಲಾರಿ ನಿಲ್ದಾಣ ಮಾಡಬೇಕೆಂದಿದ್ದಾರೆ. ತೋಪಿಗೂ ಕಾಡಿಗೂ ಸಂಬಂಧವೇ ಇಲ್ಲ, ನಾಲ್ಕೇ ಪ್ರಾಣಿ, ಹಿಡಿದು ಆಚೆ ಬಿಟ್ಟರಾಯಿತು ಎಂಬುದು ಅವರ ವಾದ. ಸಂಬಂಧ ಇದೆ, ದಾರಿ ಇದೆ ಎಂಬುದು ನಿನ್ನ ವಾದ. ಹದಿನೆಂಟನೇ ತಾರೀಕು, ತೋಪಿನ ವಿಷಯ ತೀರ್ಮಾನಿಸುವ ಸಮಿತಿಯ ಮುಂದೆ ನೀನು ಹೇಳಬೇಕಾಗಿರುವುದು ಇದೇ ತಾನೇ?

ಈಗ ನನ್ನ ಕಥೆ ಕೇಳು. ಹೋದ ಗುರುವಾರ ಕಚೇರಿಯ ಬೋರ್ಡಿನಲ್ಲಿ ತೋಪಿನ ರಸ್ತೆ ಎಂದು ಬರೆದಿತ್ತು. ಗಾಳಿ ಶುರುವಾಗುವ ಮೊದಲು ತಂತಿಗೆ ತಾಗುವ ಕೊಂಬೆ ಸವರುವ ಕೆಲಸ. ನಮ್ಮಲ್ಲಿ ಪದ್ಧತಿ ನಿನಗೆ ಗೊತ್ತು. ಸಾಹೇಬರು ಮೊದಲು ಹೋಗಿ, ಕಡಿಯಬೇಕಾದ ಕೊಂಬೆಗೆಲ್ಲ ಕೆಂಪು ಬಟ್ಟೆ ಕಟ್ಟಿ ಬರುತ್ತಾರೆ. ನಾವು ಹಿಂದಿನಿಂದ ಹೋಗಿ, ಕೆಂಪು ಕಂಡದ್ದನ್ನೆಲ್ಲ ಕಡಿಯುತ್ತೇವೆ. ಕೆಂಪು ಕಂಡ ಮೇಲೆ ಪ್ರಶ್ನೆ ಇಲ್ಲ. ನಾವು ಹೋದೆವು, ನಾನು, ಕುಳ್ಳ, ಇನ್ನಿಬ್ಬರು. ನೋಡಿದರೆ ಆ ಒಂದೇ ತಿರುವಿನಲ್ಲಿ ಇಪ್ಪತ್ಮೂರು ಕೆಂಪು ಬಟ್ಟೆ. ಕುಳ್ಳ ತಲೆಯೆತ್ತಿ ನೋಡಿ ‘ಏನಣ್ಣಾ, ಸಾಹೇಬ್ರು ಈ ಸಲ ಧಾರಾಳವಾಗಿ ಕಟ್ಟಿದ್ದಾರೆ’ ಎಂದ. ಗಂಟು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಮೂವತ್ತು ವರ್ಷದಲ್ಲಿ ಮೊದಲ ಸಲ ಸಾಹೇಬರಿಗೆ ಗಂಟು ಹಾಕುವುದು ಬಂತಲ್ಲ ಎಂದು ನಾನು ಹೊಗಳಿದೆ. ಎಲ್ಲರೂ ನಕ್ಕೆವು. ನಗುತ್ತಲೇ ಕಡಿದೆವು. ಮಧ್ಯಾಹ್ನದ ಊಟದ ಹೊತ್ತಿಗೆ ರಸ್ತೆಯ ಮೇಲೆ ಆಕಾಶ ಕಾಣಿಸಿತು. ಕೆಲಸ ಚೊಕ್ಕವಾಯಿತು ಎಂದು ನನಗೆ ನಾನೇ ಹೇಳಿಕೊಂಡೆ, ಅದನ್ನೂ ಬರೆಯುತ್ತಿದ್ದೇನೆ.

ಕಡಿದ ಕೊಂಬೆಗಳ ಬಟ್ಟೆಗಳಲ್ಲಿ ಒಂದನ್ನು ಬುತ್ತಿ ಡಬ್ಬಿಯ ಮುಚ್ಚಳ ಸಡಿಲವಾಗಿತ್ತೆಂದು ಸುತ್ತಿ ಕಟ್ಟಿಕೊಂಡು ಬಂದಿದ್ದೆ. ಸಂಜೆ ಅಮ್ಮ ಡಬ್ಬಿ ತೊಳೆಯಲು ತೆಗೆದುಕೊಂಡವಳು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ‘ಇದು ಆ ಶಾಲೆಯ ಮಕ್ಕಳ ಅಂಗಿಗೆ ತಂದಿದ್ದರಲ್ಲಿ ಮಿಕ್ಕ ಬಟ್ಟೆ ಅಲ್ವಾ? ನಾನೇ ಕತ್ತರಿಸಿ ಮಗಳಿಗೆ ಕೊಟ್ಟಿದ್ದು. ಕಾಡುಪಾಪ ದಾಟೋ ಕೊಂಬೆಗೆ ಗುರುತು ಕಟ್ಟಬೇಕು ಅಂದಿದ್ದಳು. ನಿಮ್ಮ ಹತ್ತಿರ ಹೇಗೆ ಬಂತು?’ ಎಂದಳು. ಚಪ್ಪಲಿ ಕೂಡ ಹಾಕಿಕೊಳ್ಳದೆ ಕಚೇರಿಗೆ ಓಡಿದೆ. ಕಾವಲುಗಾರನನ್ನು ಕೇಳಿದರೆ ಸಾಹೇಬರು ಮೊಣಕಾಲು ನೋವೆಂದು ಮಂಗಳವಾರದಿಂದ ರಜೆ. ಆ ರಸ್ತೆಗೆ ಅವರು ಹೋಗಿಯೇ ಇರಲಿಲ್ಲ.

ನೀನು ಹೋಗುವ ಹಿಂದಿನ ದಿನ ಊಟಕ್ಕೆ ಕೂತಾಗ ಗುರುತಿನ ವಿಷಯ ಹೇಳಿದ್ದೆಯಂತೆ, ಅಮ್ಮ ನೆನಪು ಮಾಡಿದಳು. ನಾನು ರೇಡಿಯೋ ಕಡೆ ಕಿವಿ ಕೊಟ್ಟು ಹೂಂ ಎಂದಿದ್ದೆ. ಏಣಿ ಬೇಕು ಎಂದಾಗ ಏಣಿ ಕೊಟ್ಟೆ, ಯಾತಕ್ಕೆಂದು ಕೇಳಲಿಲ್ಲ. ಆದರೆ ನಿನಗೂ ಹೊಳೆಯಬಾರದಿತ್ತೇ? ಈ ಕ್ವಾರ್ಟರ್ಸಿನಲ್ಲೇ ಬೆಳೆದವಳು, ನನ್ನ ಚೀಲದಲ್ಲಿ ಕೆಂಪು ಬಟ್ಟೆ ನೋಡುತ್ತಲೇ ದೊಡ್ಡವಳಾದವಳು, ಉಳಿಸಬೇಕಾದ ಕೊಂಬೆಗೆ ಕೆಂಪು ಕಟ್ಟುತ್ತಾರೇನೇ? ಇಲ್ಲ, ತಪ್ಪು, ಈ ಸಾಲು ಹೊಡೆದುಹಾಕಬೇಕೆಂದಿದ್ದೆ. ಇರಲಿ ಬಿಡು. ಶುಕ್ರವಾರವೆಲ್ಲ ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಸಿಟ್ಟಿದ್ದಷ್ಟು ಹೊತ್ತು ನನಗೆ ಸ್ವಲ್ಪ ಹಗುರವಾಗಿತ್ತು, ಅದಕ್ಕೇ ಮಾಡಿಕೊಂಡಿದ್ದೆ ಎಂದು ಆಮೇಲೆ ತಿಳಿಯಿತು. ಗರಗಸ ಇದ್ದದ್ದು ನನ್ನ ಕೈಯಲ್ಲಿ.

ಆ ಗುರುವಾರವೇ ಕತ್ತಲಾದ ಮೇಲೆ ಹೋದೆ. ನೀನು ಹೇಳಿಕೊಟ್ಟಿದ್ದ ಹಾಗೆ ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡಿದ್ದೆ. ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ ತೋಪಿನ ಕಡೆಯಿಂದ ಎರಡು ಕಣ್ಣು ನಿಧಾನವಾಗಿ ಬಂದವು. ನೀನು ‘ಬಲಗಿವಿ ಹರಿದವಳು’ ಎನ್ನುತ್ತಿದ್ದೆಯಲ್ಲ, ಅವಳೇ. ಕಡಿದ ತುದಿಯ ತನಕ ಬಂದಳು. ಹಿಂಗಾಲಿನಲ್ಲಿ ಕೊಂಬೆ ಹಿಡಿದು, ಮುಂದಿನ ಕೈ ಗಾಳಿಯಲ್ಲಿ ಚಾಚಿದಳು. ಏನೂ ಸಿಗಲಿಲ್ಲ. ಕೈ ವಾಪಸ್ ತೆಗೆದುಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಚಾಚಿದಳು. ಹಾಗೆ ಎಷ್ಟು ಸಲ ಮಾಡಿದಳೋ, ನಾನು ಟಾರ್ಚ್ ಆರಿಸಿಬಿಟ್ಟೆ. ಮರಿಯನ್ನು ಒಂದು ಕೊಂಬೆಯಲ್ಲಿ ಕೂರಿಸಿ ತಾಯಿ ಮೇಯಲು ಹೋಗುತ್ತದೆ, ಬೆಳಗಾಗುವ ಮೊದಲು ವಾಪಸ್ ಬರುತ್ತದೆ ಎಂದು ನೀನೇ ಹೇಳಿದ್ದೆ. ಅವಳಿಗೆ ಈಗ ಮರಿ ಇದೆಯೇ? ಇದ್ದರೆ ಈಚೆ ಇದೆಯೋ, ಆಚೆ ಇದೆಯೋ? ನಿನ್ನ ಪುಸ್ತಕದಲ್ಲಿ ಬರೆದಿರುತ್ತೀಯ. ನನಗೆ ಇದೊಂದನ್ನು ಬೇಗ ತಿಳಿಸು. ಈಚೆಯೇ ಇದೆ ಎಂದು ಗೊತ್ತಾದರೆ ನಾನು ಒಂದು ರಾತ್ರಿಯಾದರೂ ಮಲಗುತ್ತೇನೆ.

ಭಾನುವಾರ ದುರಸ್ತಿಗೆಂದು ಎರಡು ಗಂಟೆ ಲೈನ್ ತೆಗೆದು ಕರೆಂಟ್ ನಿಲ್ಲಿಸಿದ್ದರು. ಆ ಸಮಯದಲ್ಲಿ ನಾನು, ಕುಳ್ಳ ಸೇರಿ ಎರಡು ಹಳೆಯ ನಾರಿನ ಹಗ್ಗವನ್ನು ತಂತಿಗಿಂತ ಸಾಕಷ್ಟು ಕೆಳಗೆ, ಈ ಮರದಿಂದ ಆ ಮರಕ್ಕೆ ಕಟ್ಟಿದೆವು. ಲಾರಿ ಬಂದರೂ ತಾಗುವುದಿಲ್ಲ, ಅಳತೆ ನೋಡಿದ್ದೇನೆ. ಅದಕ್ಕೆ ಬಳ್ಳಿ ಸುತ್ತಿ, ನಡುನಡುವೆ ಎಲೆ ಕಟ್ಟಿದೆವು. ಕುಳ್ಳನಿಗೆ ಮರದ ಮೇಲೆ ಇರುವೆ ಮುತ್ತಿಕೊಂಡು ಅವನ ಕುಣಿತ ನೋಡಬೇಕಿತ್ತು. ‘ನಿನ್ನ ಮಗಳ ಪಾಪಗಳಿಂದ ನಾನು ಮಾಡಿದ ಪಾಪವೆಲ್ಲ ತೀರಿತು’ ಎಂದ. ಅವನ ಬಾಯಿ ಜೋರು, ಮನಸ್ಸು ಒಳ್ಳೆಯದು. ಭಾನುವಾರ ರಾತ್ರಿ, ನಿನ್ನೆ ರಾತ್ರಿ ಎರಡು ದಿನವೂ ಹೋಗಿ ನಿಂತೆ. ಹಗ್ಗದ ಹತ್ತಿರ ಬಂದು ಮೂಸಿ ನೋಡಿ ತಿರುಗಿ ಹೋದವು, ದಾಟಲಿಲ್ಲ. ಹೊಸ ದಾರಿಯನ್ನು ನಂಬಲು ಅವಕ್ಕೆ ಎಷ್ಟು ದಿನ ಬೇಕು? ಮನುಷ್ಯರ ವಾಸನೆ ಹೋಗಬೇಕೋ ಏನೋ. ನನ್ನ ಕೈಯ ವಾಸನೆ ತಾನೇ, ಹೋಗಲು ತಡವಾದೀತು.

ಮಂಗಳವಾರ, ಮಧ್ಯಾಹ್ನ

ಬೆಳಗ್ಗೆ ಅಷ್ಟಕ್ಕೇ ನಿಲ್ಲಿಸಿ ಕೆಲಸಕ್ಕೆ ಹೋಗಿದ್ದೆ. ಊಟಕ್ಕೆಂದು ಬಂದೆ, ಊಟ ಸೇರಲಿಲ್ಲ. ಇನ್ನೊಂದು ವಿಷಯ ಹೇಳುವುದು ಬಾಕಿ ಇದೆ. ಬೆಳಗ್ಗೆಯೇ ಬರೆಯಬಹುದಿತ್ತು, ಹಗ್ಗದ ಕಥೆ ಹೇಳುತ್ತಾ ಜಾರಿಕೊಂಡೆ.

ದಿನದ ಕೆಲಸ ಮುಗಿದ ಮೇಲೆ ಕಚೇರಿಯ ಡೈರಿಯಲ್ಲಿ ಏನು ಕಡಿದೆವೆಂದು ಬರೆಯುವವನು ನಾನು. ಮಣಿಕಟ್ಟಿಗಿಂತ ದಪ್ಪನೆಯ ಹಸಿ ಕೊಂಬೆ ಕಡಿಯಬೇಕಾದರೆ ಮರದ ಅಧಿಕಾರಿಯ ಒಪ್ಪಿಗೆ ಬೇಕು. ಅರ್ಜಿ ಹಾಕಿ ಒಪ್ಪಿಗೆ ಬರುವ ಹೊತ್ತಿಗೆ ಗಾಳಿಕಾಲ ಬಂದು ತಂತಿ ಹರಿದು ಬಿದ್ದಿರುತ್ತದೆ. ಹಾಗಾಗಿ ನನಗಿಂತ ಹಿಂದಿನವರು ಒಂದು ರೂಢಿ ಮಾಡಿಟ್ಟಿದ್ದಾರೆ. ಏನೇ ಕಡಿದರೂ ‘ಒಣಕಡ್ಡಿ ತೆರವು’ ಎಂದು ಬರೆಯುವುದು. ಇಪ್ಪತ್ತೆರಡು ವರ್ಷದಿಂದ ನಾನೂ ಅದನ್ನೇ ಬರೆದಿದ್ದೇನೆ. ಆ ಡೈರಿ ನಂಬಿದರೆ ನಮ್ಮ ಊರಿನ ಮರಗಳಲ್ಲಿ ಹಸಿ ಕೊಂಬೆ ಒಂದೂ ಇಲ್ಲ. ಆ ಗುರುವಾರ ಮಧ್ಯಾಹ್ನವೂ, ಇನ್ನೂ ಏನೂ ತಿಳಿಯುವ ಮೊದಲು, ಬರೆದು ಸಹಿ ಹಾಕಿದ್ದೆ: ‘ತೋಪಿನ ರಸ್ತೆ, ಒಣಕಡ್ಡಿ ತೆರವು.’ ನನ್ನ ತೋಳಿನಷ್ಟು ದಪ್ಪದ, ಹಾಲು ಸುರಿಯುತ್ತಿದ್ದ ಇಪ್ಪತ್ಮೂರು ಕೊಂಬೆಗಳನ್ನು ಒಂದು ಸಾಲಿನಲ್ಲಿ ಒಣಗಿಸಿಬಿಟ್ಟೆ.

ನಿನ್ನೆ ಸೋಮವಾರ ಸಾಹೇಬರು ರಜೆ ಮುಗಿಸಿ ಬಂದರು. ಕುಂಟುತ್ತಾ ಬಂದರೂ ಮುಖ ಅರಳಿತ್ತು. ಬಡಾವಣೆ ಕಚೇರಿಯವರು ಶನಿವಾರ ತೋಪಿನ ರಸ್ತೆಯ ಫೋಟೋ ತೆಗೆದುಕೊಂಡು ಹೋಗಿದ್ದಾರಂತೆ. ಮೇಲೆ ಕೊಂಬೆಯಿಲ್ಲ, ಬರಿಯ ಆಕಾಶ. ಅದರ ಜೊತೆಗೆ ನಮ್ಮ ಡೈರಿಯ ಆ ಹಾಳೆಯ ಪ್ರತಿ ಕೇಳಿದರು, ಸಾಹೇಬರು ಕೊಟ್ಟರು. ‘ನಿಮ್ಮ ಡೈರಿ ಒಳ್ಳೆ ಕೆಲಸಕ್ಕೆ ಬಂತು ನೋಡಿ’ ಎಂದು ನನಗೇ ಹೇಳಿದರು. ಹದಿನೆಂಟನೇ ತಾರೀಕು ಅವರು ಏನು ಹೇಳುತ್ತಾರೆಂದು ನಿನಗೆ ಅರ್ಥವಾಯಿತಲ್ಲ? ಅಲ್ಲಿ ದಾರಿಯೇ ಇರಲಿಲ್ಲ, ಇದ್ದದ್ದು ಒಣಕಡ್ಡಿ, ಲೈನ್ ಇಲಾಖೆಯೇ ಬರೆದುಕೊಟ್ಟಿದೆ ಎನ್ನುತ್ತಾರೆ. ನಿನ್ನ ಫೋಟೋಗಳು ರಾತ್ರಿಯವು, ಒಂದು ಕೊಂಬೆ, ಎರಡು ಕಣ್ಣು, ಅಷ್ಟೇ. ಎಲ್ಲಿ ತೆಗೆದದ್ದೋ ಯಾರಿಗೆ ಗೊತ್ತು ಎನ್ನುತ್ತಾರೆ. ಮೂರು ವರ್ಷ ನಿದ್ದೆಗೆಟ್ಟವಳನ್ನು ಎಲ್ಲರೆದುರು ಸುಳ್ಳಿ ಎನ್ನುತ್ತಾರೆ, ಅದೂ ಅಪ್ಪನ ಸಹಿ ತೋರಿಸಿ.

ನಾನು ಸಾಹೇಬರಿಗೆ ನಿಜ ಹೇಳಿದೆ. ಅಷ್ಟು ಮಾಡಿದೆ, ನಂಬು. ಅವರು ಎದ್ದು ಬಾಗಿಲು ಹಾಕಿ ಬಂದರು. ಕೆಟ್ಟವರಲ್ಲ ಅವರು, ನನ್ನ ಬೆನ್ನು ಹಿಡಿದಾಗ ಎರಡು ತಿಂಗಳು ಕಂಬ ಹತ್ತಿಸದೆ ಕಚೇರಿಯಲ್ಲೇ ಇಟ್ಟುಕೊಂಡಿದ್ದವರು. ‘ನೋಡಿ, ನೀವು ಒಂದು ಸಾಲು ಸುಳ್ಳು ಅಂತ ಬರೆದುಕೊಟ್ಟರೆ ಇಪ್ಪತ್ತೆರಡು ವರ್ಷದ ಡೈರಿಯನ್ನೂ ತೆಗೀತಾರೆ. ವಿಚಾರಣೆ ಅಂತಾರೆ, ಅಮಾನತು ಅಂತಾರೆ, ಪೆನ್ಷನ್ ತಡೆ ಹಿಡೀತಾರೆ. ಎಂಟು ತಿಂಗಳು ಬಾಯಿ ಮುಚ್ಕೊಂಡಿರಿ. ಮಗಳು ಓದಿದವಳು, ಹೇಗೋ ನಿಭಾಯಿಸ್ತಾಳೆ’ ಎಂದರು. ನಾನು ತಲೆಯಾಡಿಸಿ ಹೊರಗೆ ಬಂದೆ. ತಲೆಯಾಡಿಸಿದೆ ಕೂಸೇ. ಯಾಕೆ ಆಡಿಸಿದೆನೋ, ಕತ್ತು ತಾನಾಗಿಯೇ ಆಡಿತು.

ಮನೆಗೆ ಬಂದು ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಕಾಲರ್ ಹೊಲಿದು ಮುಗಿಸಿದಳು. ಆಮೇಲೆ ಎದ್ದು ಕೋಣೆಯೊಳಗೆಲ್ಲ ಓಡಾಡಿ, ಗೋಡೆ ಮೂಲೆ ಎಲ್ಲ ನೋಡಿದಳು. ಏನು ಹುಡುಕುತ್ತೀ ಎಂದು ಕೇಳಿದರೆ ‘ಕ್ವಾರ್ಟರ್ಸ್ ಬಿಡು ಅಂದರೆ ಈ ಮಿಷನ್ ಎಲ್ಲಿ ಇಡೋದು ಅಂತ ಯೋಚನೆ ಮಾಡ್ತಿದ್ದೀನಿ. ನೀವು ನಿಮ್ಮ ಯೋಚನೆ ಮಾಡಿ’ ಎಂದಳು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ರಾತ್ರಿ ಅವಳು ಮಲಗಿದ ಮೇಲೆ ಸಮಿತಿಗೆ ಒಂದು ಹೇಳಿಕೆ ಬರೆಯೋಣ ಎಂದು ಕೂತೆ. ‘ನಾನು ಕೆಳಗೆ ಸಹಿ ಮಾಡಿರುವವನು’ ಎಂಬಲ್ಲಿಗೆ ಬಂದಾಗ ಕೈ ನಿಂತುಹೋಯಿತು. ಮೂವತ್ತೈದು ಅಡಿ ಕಂಬದ ಮೇಲೆ ಬಿರುಗಾಳಿಯಲ್ಲಿ ನಡುಗದ ಕೈ ಇದು. ನಿನಗೆ ನಗು ಬರಬಹುದು. ನನಗೆ ಹೆದರಿಕೆ ಆಗಿದೆ. ಈ ವಯಸ್ಸಿನಲ್ಲಿ ಸಾಮಾನು ಹೊತ್ತುಕೊಂಡು ಬಾಡಿಗೆ ಮನೆ ಹುಡುಕುವುದು, ಕಚೇರಿಯವರೆಲ್ಲ ನನ್ನತ್ತ ನೋಡುವುದು, ಕುಳ್ಳನನ್ನೂ ಕರೆದು ಕೇಳಿದರೆ ಅವನ ಗತಿ ಏನು ಎಂಬುದು, ಇವೆಲ್ಲ ಒಟ್ಟಿಗೆ ತಲೆಗೆ ಬಂದವು. ಹಾಳೆ ಮಡಚಿ ರೇಡಿಯೋ ಕೆಳಗೆ ಇಟ್ಟು ತೋಪಿಗೆ ಹೋದೆ. ಹೋಗಿ ಹಗ್ಗ ನೋಡುತ್ತಾ ನಿಂತೆ.

ಹಾಗಾಗಿ ನಿನಗೆ ಒಂದು ಮಾತು ಹೇಳಬೇಕು. ವರದಿಯಲ್ಲಿ ಕೊಂಬೆಗಳು ‘ಇವೆ’ ಎಂದು ಬರೆದಿದ್ದರೆ ತಕ್ಷಣ ತಿದ್ದು, ‘ಆರನೇ ತಾರೀಕಿನವರೆಗೆ ಇದ್ದವು’ ಎಂದು ಮಾಡು. ಅವರು ಫೋಟೋ ತೋರಿಸಿದಾಗ ಬೆಚ್ಚಿಬೀಳಬೇಡ, ಮೊದಲೇ ಗೊತ್ತಿತ್ತೆಂಬ ಹಾಗೆ ನಿಲ್ಲು. ನಿನಗೆ ಇಷ್ಟಾದರೂ ಮುಂಚೆ ತಿಳಿಸಬೇಕು ಎಂದೇ ಈ ಕಾಗದ. ನನ್ನ ಮೇಲೆ ಎಷ್ಟು ಸಿಟ್ಟು ಬಂದರೂ ಸರಿ, ಊಟ ಬಿಡಬೇಡ, ಅಮ್ಮನ ಜೊತೆ ಮಾತು ಬಿಡಬೇಡ. ನನ್ನ ಜೊತೆ ಬೇಕಾದರೆ ನಾಲ್ಕು ದಿನ ಬಿಡು, ಐದನೇ ದಿನ ಫೋನ್ ಮಾಡು.

ಹಾಸ್ಟೆಲಿನ ಗೆಳತಿಯರನ್ನು ಕೇಳಿದೆನೆಂದು ಹೇಳು. ನೀನು ಗೆದ್ದರೂ ಸೋತರೂ ನಮ್ಮಿಬ್ಬರ ಆಶೀರ್ವಾದ ನಿನ್ನ ತಲೆಯ ಮೇಲಿದೆ, ಅದಕ್ಕೆ ಯಾವ ಸಮಿತಿಯ ಒಪ್ಪಿಗೆಯೂ ಬೇಡ. ಚಳಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೋ.

ನಿನ್ನ ಅಪ್ಪ

ತಾ.ಕ.: ಅಂಚೆ ಪೆಟ್ಟಿಗೆ ತೆಗೆಯಲು ಇನ್ನು ಹತ್ತು ನಿಮಿಷವಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆಯೊಳಗೆ ಇನ್ನೊಂದು ಹಾಳೆ ಇದೆ, ನೋಡು. ಈಗ ತಾನೇ ಬರೆದು ಮುಗಿಸಿದೆ, ನಿಂತುಕೊಂಡೇ, ಕೂತರೆ ಮತ್ತೆ ನಿಲ್ಲಿಸಿಬಿಡುತ್ತೇನೆಂದು. ಯಾವ ದಿನ, ಯಾವ ತಿರುವು, ಯಾವ ಮರದಿಂದ ಯಾವ ಮರಕ್ಕೆ ಕೊಂಬೆ ಕೂಡಿತ್ತು, ಎಷ್ಟು ದಪ್ಪ, ಎಲ್ಲ ಇದೆ. ಎಲ್ಲವೂ ಹಸಿ ಎಂದು ಬರೆದಿದ್ದೇನೆ. ಡೈರಿಯ ಸಾಲು ಸುಳ್ಳು, ಬರೆದವನು ನಾನೊಬ್ಬನೇ ಎಂದೂ ಬರೆದಿದ್ದೇನೆ. ಕುಳ್ಳನ ಹೆಸರಿಲ್ಲ, ನೀನೂ ಹೇಳಬೇಡ. ಅಮ್ಮ ಮಿಷನ್ ನಿಲ್ಲಿಸಿ ಬಂದು, ಬಟ್ಟೆ ತನ್ನದೆಂದು ಕೆಳಗೆ ಸಾಕ್ಷಿ ಸಹಿ ಹಾಕಿದ್ದಾಳೆ. ಹದಿನೆಂಟಕ್ಕೆ ಇದನ್ನು ಸಮಿತಿಯ ಕೈಗೆ ಕೊಡು. ಯಾರು ಕಡಿದದ್ದು ಎಂದು ಕೇಳಿದರೆ ‘ನಮ್ಮಪ್ಪ’ ಎಂದು ಗಟ್ಟಿಯಾಗಿ ಹೇಳು, ನುಂಗಿಕೊಳ್ಳಬೇಡ. ಇದನ್ನು ಮನೆಯಲ್ಲಿಟ್ಟುಕೊಂಡರೆ ನಾಳೆ ಬೆಳಗ್ಗೆ ಹರಿದುಹಾಕುತ್ತೇನೆ, ಅದಕ್ಕೇ ಈಗಲೇ ಕಳಿಸುತ್ತಿದ್ದೇನೆ. ಕೊಡಲಾ ಅಪ್ಪಾ ಎಂದು ಮಾತ್ರ ನನ್ನನ್ನು ಕೇಳಬೇಡ ಕಂದಾ. ಕೇಳಿದರೆ ಬೇಡ ಎಂದುಬಿಡುತ್ತೇನೆ.